ದಾಖಲೆಯೋ ಪರಂಪರೆಯೋ? ಡೆವನ್ ಸೀಮೆಯ ದಾಖಲೆಮನೆಯನ್ನು ಕುರಿತ ವಿಮರ್ಶೆ

ಗ್ರಂಥವಿಮರ್ಶೆ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಪ್ರಕೃತ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಗ್ರಂಥವನ್ನಲ್ಲ, ಗ್ರಂಥಗಳಿಗೆ ಆಕರವಾದ ಹಳೆಯ ಕಾಗದಗಳನ್ನು ಕಾಯುವ ಒಂದು ಸಂಸ್ಥೆಯನ್ನು. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಡೆವನ್ ಎಂಬ ಕೌಂಟಿಯುಂಟು. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯೆನ್ನಬಹುದು. ಅದರ ಮುಖ್ಯಪಟ್ಟಣ ಎಕ್ಸಿಟರ್. ಆ ಪಟ್ಟಣದ ಪೂರ್ವದ ಅಂಚಿನಲ್ಲಿ, ಸೌಟನ್ ಎಂಬ ಕೈಗಾರಿಕೆಯ ಬಡಾವಣೆಯಲ್ಲಿ, ‘ಡೆವನ್ ಹೆರಿಟೇಜ್ ಸೆಂಟರ್’ ಎಂಬ ಮಂದಿರವಿದೆ. ಆ ಸೀಮೆಯ ಕಡತಗಳೂ ನಕ್ಷೆಗಳೂ ಸ್ಥಳೀಯ ಚರಿತ್ರೆಯ ಪುಸ್ತಕಗಳೂ ಅಲ್ಲಿ ಒಂದೆಡೆ ಸೇರಿವೆ.

ನಮ್ಮ ಜಿಲ್ಲೆಯ ಸಂಘದ ಪತ್ರಿಕೆಗೆ ಸಮುದ್ರದಾಚೆಯ ಇನ್ನೊಂದು ಜಿಲ್ಲೆಯ ದಫ್ತರಖಾನೆಯ ಗೊಡವೆ ಏಕೆ ಎಂದು ಕೇಳುವವರಿಗೆ ಎರಡು ಸಮಾಧಾನಗಳನ್ನು ಹೇಳಬಹುದು. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟೀಪೂ ಸುಲ್ತಾನನ ವಕೀಲರೊಡನೆ ಕುಳಿತು ಒಪ್ಪಂದದ ಮಾತನ್ನಾಡಿದ ಆಂಗ್ಲ ಅಧಿಕಾರಿಯ ಕಾಗದಪತ್ರಗಳು ಇಂದು ಆ ಮಂದಿರದಲ್ಲಿವೆ, ಇದು ಮೊದಲನೆಯದು. ಒಂದು ಸೀಮೆ ತನ್ನ ನೆನಪನ್ನು ಉಳಿಸಿಕೊಳ್ಳುವುದು ಅಭಿಮಾನದಿಂದಲೋ ದುಡಿಮೆಯಿಂದಲೋ ಎಂಬ ಪ್ರಶ್ನೆಗೆ ಎಕ್ಸಿಟರಿನ ಕಥೆಯಲ್ಲಿ ಸ್ಪಷ್ಟವಾದ ಉತ್ತರ ದೊರೆಯುತ್ತದೆ. ಇದು ಎರಡನೆಯದು, ಮತ್ತು ಹೆಚ್ಚಿನದು.

ಸಂಸ್ಥೆಯ ಪೂರ್ವವೃತ್ತವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಇಂಗ್ಲೆಂಡಿನಲ್ಲಿ ರಾಜ್ಯದ ಕಡತಗಳನ್ನು ಒಂದೆಡೆ ಇಡಬೇಕೆಂಬ ಕಾನೂನು 1838ರಲ್ಲಿ ಆಯಿತು. ಕೌಂಟಿಗಳ ಕಡತಗಳ ಕಡೆಗೆ ದೃಷ್ಟಿ ಹರಿಯಲು ಮುಕ್ಕಾಲು ಶತಮಾನ ಹಿಡಿಯಿತು. 1913ರಲ್ಲಿ ಬೆಡ್‌ಫರ್ಡ್‌ಷೈರಿನಲ್ಲಿ ಜಾರ್ಜ್ ಹರ್ಬರ್ಟ್ ಫೌಲರ್ ಎಂಬಾತ ಮೊದಲ ಕೌಂಟಿ ದಾಖಲೆ ಕಚೇರಿಯನ್ನು ಕಟ್ಟಿದನು. ಆತ ಚರಿತ್ರಕಾರನಲ್ಲ, ಪ್ರಾಣಿಶಾಸ್ತ್ರಜ್ಞ. ಜೀವಿಗಳನ್ನು ವರ್ಗಗಳಾಗಿ ವಿಂಗಡಿಸಿ ಬಲ್ಲವನ ಕೈಗೆ ಕಡತಗಳನ್ನು ವಿಂಗಡಿಸುವ ಕೆಲಸ ಬಂದದ್ದು ಆ ವಿದ್ಯೆಗೆ ಒಳ್ಳೆಯದೇ ಆಯಿತು. ಡೆವನ್‌ನಲ್ಲಿ ಅಂಥ ಕಚೇರಿ 1952ರಲ್ಲಿ ಸ್ಥಾಪಿತವಾಯಿತು. 2012ರಲ್ಲಿ ಅದೂ ಪಶ್ಚಿಮ ಸೀಮೆಯ ಅಧ್ಯಯನಕ್ಕೆಂದಿದ್ದ ಪುಸ್ತಕಭಂಡಾರವೂ ಕೂಡಿ ಈಗಿನ ಹೆಸರನ್ನು ಪಡೆದವು. 2014ರಿಂದ ನೆರೆಯ ಸಾಮರ್ಸೆಟ್ ಕೌಂಟಿಯದನ್ನೂ ಇದನ್ನೂ ಒಂದೇ ಧರ್ಮದರ್ಶಿ ಸಂಸ್ಥೆ ನಡೆಸುತ್ತಿದೆ.

ಸಾಹಿತ್ಯಾಸಕ್ತರು ಎಕ್ಸಿಟರ್ ಎಂದೊಡನೆ ಕೇಳುವುದು ಆ ಊರಿನ ಹೆಸರನ್ನೇ ಹೊತ್ತ ಪ್ರಾಚೀನ ಆಂಗ್ಲ ಕಾವ್ಯಗಳ ಹಸ್ತಪ್ರತಿಯನ್ನು. ಅದು ಈ ಮಂದಿರದಲ್ಲಿಲ್ಲ. 1072ರಲ್ಲಿ ತೀರಿಕೊಂಡ ಬಿಷಪ್ ಲಿಯೋಫ್ರಿಕನು ಕೊಟ್ಟ ಆ ಗ್ರಂಥ ಇಂದಿಗೂ ಅಲ್ಲಿಯ ಮಹಾದೇವಾಲಯದ ಭಂಡಾರದಲ್ಲಿದೆ. ಅದರ ಮೊದಲ ಹಾಳೆಗಳಲ್ಲಿ ಚಾಕುವಿನ ಗೀರುಗಳಿವೆ. ಕೊನೆಯ ಹಾಳೆಗಳನ್ನು ಬೆಂಕಿ ತೂತುಮಾಡಿದೆ. ಇಂದು ಎಲ್ಲರೂ ಕೈಮುಗಿಯುವ ಆ ಕಾವ್ಯಕೋಶವನ್ನು ಒಂದು ಕಾಲದಲ್ಲಿ ಯಾರೋ ಕೊಯ್ಯುವ ಮಣೆಯಾಗಿ ಬಳಸಿದಂತೆ ಕಾಣುತ್ತದೆ. ಮಹಾಗ್ರಂಥದ ಗತಿಯೇ ಹೀಗಾದರೆ ಸಾಮಾನ್ಯ ಕಾಗದದ ಗತಿಯೇನು? ದಾಖಲೆಮನೆಗೆ ಸೇರಿರುವುದೆಲ್ಲ ಆ ಸಾಮಾನ್ಯ ಕಾಗದವೇ.

ಅದರಲ್ಲಿ ದೊಡ್ಡವರ ಕಾಗದಗಳಿಲ್ಲವೆಂದಲ್ಲ. 1801ರಿಂದ 1804ರವರೆಗೆ ಪ್ರಧಾನಮಂತ್ರಿಯಾಗಿದ್ದ ಹೆನ್ರಿ ಆಡಿಂಗ್‌ಟನ್ನನ ಪತ್ರಸಂಗ್ರಹ ಅಲ್ಲಿದೆ. ಆದರೆ ಮಂದಿರದ ಜೀವಾಳವಿರುವುದು ಬೇರೆಡೆ. ಪ್ಯಾರಿಷ್, ಎಂದರೆ ಒಂದು ಚರ್ಚಿಗೆ ಸೇರಿದ ಗ್ರಾಮ. ಅಂಥ ನೂರಾರು ಗ್ರಾಮಗಳ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳ ರಿಜಿಸ್ಟರುಗಳು ಅಲ್ಲಿವೆ. ಇವನ್ನು ಬರೆದಿಡಬೇಕೆಂಬ ಅಪ್ಪಣೆ 1538ರದು. 1836ರ ಕಾನೂನಿನಂತೆ ದಶಮಾಂಶ ಕಾಣಿಕೆಯನ್ನು ಹಣದ ರೂಪಕ್ಕೆ ತಿರುಗಿಸಿದಾಗ ಮಾಡಿದ ನಕ್ಷೆಗಳೂ ಇವೆ. ಅವುಗಳ ಜೊತೆಯ ತಖ್ತೆಗಳಲ್ಲಿ ಹೊಲಹೊಲಕ್ಕೂ ಹೆಸರು, ಒಡೆಯ, ಸಾಗುವಳಿದಾರ, ವಿಸ್ತೀರ್ಣ ಎಲ್ಲವೂ ನಮೂದಾಗಿವೆ. ಯಾವ ಕವಿಯೂ ಹಾಡದ ಹೊಲದ ಹೆಸರುಗಳನ್ನು ತೆರಿಗೆಯ ಗುಮಾಸ್ತನು ಉಳಿಸಿದ್ದಾನೆ.

ಇಲ್ಲಿ ವಿಮರ್ಶಕನು ನಿಂತು ನೋಡಬೇಕಾದ ಒಂದು ವಿಷಯವುಂಟು. ಈ ಕಾಗದಗಳಲ್ಲಿ ಬಹುಪಾಲು ಯಾರ ನೆನಪನ್ನೂ ಉಳಿಸುವ ಉದ್ದೇಶದಿಂದ ಹುಟ್ಟಿದವಲ್ಲ. 1662ರ ಕಾನೂನಿನಂತೆ ದಿಕ್ಕಿಲ್ಲದ ಬಡವನನ್ನು ಅವನ ಸ್ವಂತ ಗ್ರಾಮಕ್ಕೆ ಅಟ್ಟಬಹುದಾಗಿತ್ತು. ಅವನ ಗ್ರಾಮ ಯಾವುದೆಂದು ತಿಳಿಯಲು ನ್ಯಾಯಾಧಿಕಾರಿಗಳು ಅವನನ್ನು ಕರೆಸಿ ವಿಚಾರಿಸುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿ ಆಳಾಗಿದ್ದೆ, ಎಷ್ಟು ಕೂಲಿ, ಯಾರನ್ನು ಮದುವೆಯಾದೆ, ಮಕ್ಕಳೆಷ್ಟು. ಗುಮಾಸ್ತನು ಬರೆದುಕೊಂಡನು, ಬಡವನು ತನ್ನ ಗುರುತು ಹಾಕಿದನು. ಅನ್ನ ಹಾಕುವ ಹೊಣೆಯನ್ನು ತಪ್ಪಿಸಿಕೊಳ್ಳಬೇಕೆಂದು ಗ್ರಾಮದವರು ಮಾಡಿಸಿದ ಈ ವಿಚಾರಣೆಯೇ, ಅಕ್ಷರವರಿಯದ ಸಹಸ್ರಾರು ಜನರ ಪಾಲಿಗೆ ಉಳಿದಿರುವ ಏಕಮಾತ್ರ ಆತ್ಮಕಥೆ. ಅನಾಥ ಮಕ್ಕಳನ್ನು ಒಕ್ಕಲಿಗರ ಮನೆಗೆ ಕರಾರಿನ ಮೇಲೆ ದುಡಿಯಲು ಕಳಿಸಿದ ಪತ್ರಗಳೂ ಡೆವನ್‌ನಲ್ಲಿ ಹೇರಳ. ಕರುಣೆಯಿಲ್ಲದ ಕಾಗದವು ಕರುಣೆಗೆ ಕಾರಣವಾಗುವುದನ್ನು ಇಲ್ಲಿ ಕಾಣುತ್ತೇವೆ. ಸೀಮೆಯ ಕೀರ್ತಿಗೆ ತಕ್ಕವನ್ನು ಮಾತ್ರ ಆರಿಸಿಡುವವನು ಇವನ್ನು ಮೊದಲು ಹೊರಗೆ ಹಾಕುತ್ತಿದ್ದನು.

ಇನ್ನು ಎಕ್ಸಿಟರಿನ ದೊಡ್ಡ ನಷ್ಟದ ಕಥೆ. 1942ರ ಮೇ 4ರ ಬೆಳಗಿನ ಜಾವ ಜರ್ಮನರ ವಿಮಾನಗಳು ಪಟ್ಟಣದ ಮೇಲೆ ಬಾಂಬುಗಳನ್ನು ಸುರಿಸಿದವು. ನಡುಪಟ್ಟಣ ಉರಿದುಹೋಯಿತು, ನಗರದ ಪುಸ್ತಕಭಂಡಾರವೂ ಉರಿಯಿತು. ಅದೇ ಉರಿಯಲ್ಲಿ ಉಯಿಲುಗಳ ರಿಜಿಸ್ಟ್ರಿಯೂ ಹೋಯಿತು. ಆ ಬಿಷಪ್ಪನ ಅಧಿಕಾರಕ್ಕೆ ಒಳಪಟ್ಟಿದ್ದ ಜನ 1858ಕ್ಕೆ ಹಿಂದಿನ ಶತಮಾನಗಳಲ್ಲಿ ಬರೆಸಿದ ಮೂಲ ಉಯಿಲುಗಳು ಅಲ್ಲಿದ್ದವು. ಭದ್ರವಾಗಿರಲೆಂದು ನೆರೆಯ ಸಾಮರ್ಸೆಟ್ಟಿನ ಉಯಿಲುಗಳನ್ನೂ ಅಲ್ಲಿಯೇ ಕೂಡಿಹಾಕಿದ್ದುದರಿಂದ ಅವೂ ಬೂದಿಯಾದವು. ಒಂದೇ ರಾತ್ರಿಯಲ್ಲಿ ಎರಡು ಕೌಂಟಿಗಳ ಸಾಮಾನ್ಯ ಜನರ ಮಾತು ಅಳಿಯಿತು.

ಸುಟ್ಟದ್ದು ಏನೆಂಬುದನ್ನು ಅರಿತರೆ ನಷ್ಟದ ಅಳತೆ ತಿಳಿದೀತು. ಉಯಿಲನ್ನು ಸಾಹಿತ್ಯದ ಪ್ರಕಾರವೆಂದು ಯಾರೂ ಎಣಿಸುವುದಿಲ್ಲ. ಆದರೂ ಬದುಕಿನಲ್ಲಿ ಒಂದು ಸಾಲನ್ನೂ ಬರೆಯದ ಒಕ್ಕಲಿಗನೋ ನೇಯ್ಗೆಯವನೋ ‘ನಾನು’ ಎಂದು ಮಾತನಾಡುವ ಒಂದೇ ಸ್ಥಳ ಅದು. 1882ರ ಕಾನೂನಿಗೆ ಹಿಂದೆ ಗಂಡನುಳ್ಳ ಹೆಂಗಸು ಅವನ ಒಪ್ಪಿಗೆಯಿಲ್ಲದೆ ಉಯಿಲು ಮಾಡುವಂತಿರಲಿಲ್ಲ. ವಿಧವೆಯೂ ಅವಿವಾಹಿತೆಯೂ ಮಾಡಬಹುದಾಗಿತ್ತು. ಹೀಗೆ ಯಾವ ಹಾಸಿಗೆ ಯಾವ ಮಗಳಿಗೆ, ಯಾವ ಹಿತ್ತಾಳೆಯ ಪಾತ್ರೆ ಯಾವ ಸೊಸೆಗೆ ಎಂದು ಹೇಳಿ ಹೋದ ಮುದುಕಿಯರ ಮಾತು ಆ ಕಡತಗಳಲ್ಲಿತ್ತು. ಉಯಿಲಿನ ಜೊತೆಗೆ ಸತ್ತವನ ಸೊತ್ತಿನ ಯಾದಿಯೂ ಇರುತ್ತಿತ್ತು. ನೆರೆಯವರು ಇಬ್ಬರೋ ಮೂವರೋ ಕೋಣೆಯಿಂದ ಕೋಣೆಗೆ ನಡೆದು, ಹಾಸಿಗೆ, ಮೇಜು, ಕೊಡಲಿ, ಹಸು, ಕಣಜದ ಧಾನ್ಯ ಎಲ್ಲಕ್ಕೂ ಬೆಲೆ ಕಟ್ಟಿ ಬರೆಯುತ್ತಿದ್ದರು. ಅಲಂಕಾರದ ಒಂದು ಮಾತೂ ಇಲ್ಲದ ಆ ಬರವಣಿಗೆಯನ್ನು ಓದಿದರೆ ಮನೆಯೇ ಕಣ್ಣಮುಂದೆ ನಿಲ್ಲುತ್ತದೆ. ನಮ್ಮ ಶಾಸನಗಳಲ್ಲಿ ದತ್ತಿಯ ಭೂಮಿಗೆ ಎಲ್ಲೆ ಹೇಳುವಾಗ ಬರುವ ಮರ, ಗುಂಡು, ಕೆರೆಕೋಡಿಗಳ ಮಾತು ಪ್ರಶಸ್ತಿಯ ಪದ್ಯಗಳಿಗಿಂತ ಹೆಚ್ಚು ಊರನ್ನು ತೋರಿಸುವಂತೆಯೇ ಇದೂ.

ಡಬ್ಲ್ಯು. ಜಿ. ಹಾಸ್ಕಿನ್ಸ್ ಎಂಬ ವಿದ್ವಾಂಸನು 1908ರಲ್ಲಿ ಎಕ್ಸಿಟರಿನಲ್ಲಿ ಹುಟ್ಟಿದವನು. ಸ್ಥಳೀಯ ಚರಿತ್ರೆಯನ್ನು ಆಂಗ್ಲ ವಿಶ್ವವಿದ್ಯಾನಿಲಯದಲ್ಲಿ ಒಂದು ಶಾಸ್ತ್ರವಾಗಿ ನಿಲ್ಲಿಸಿದವರಲ್ಲಿ ಆತ ಅಗ್ರಗಣ್ಯ. ಸೊತ್ತಿನ ಯಾದಿಗಳಿಂದ ಹಳೆಯ ಕಾಲದ ರೈತನ ಬಾಳನ್ನು ಹೇಗೆ ಕಟ್ಟಿಕೊಡಬಹುದೆಂದು ಆತನು ತೋರಿಸಿಕೊಟ್ಟದ್ದು ಲೆಸ್ಟರ್‌ಷೈರಿನ ಯಾದಿಗಳಿಂದ. 1954ರಲ್ಲಿ ತನ್ನ ಡೆವನ್ನಿನ ಮೇಲೆಯೂ ದೊಡ್ಡ ಗ್ರಂಥವನ್ನು ಬರೆದನು. ಆದರೆ ಆತನು ಲೋಕಕ್ಕೆ ಕಲಿಸಿದ ಆ ಓದನ್ನು ಅದೇ ಪ್ರಮಾಣದಲ್ಲಿ ಸ್ವಂತ ಸೀಮೆಗೆ ಅನ್ವಯಿಸಲು ಆ ವೇಳೆಗೆ ಸ್ವಂತ ಸೀಮೆಯ ಯಾದಿಗಳಿರಲಿಲ್ಲ.

ಹಾಗಾದರೆ ಎಲ್ಲವೂ ಹೋಯಿತೆ? ಇಲ್ಲ. ಉಳಿದದ್ದು ಯಾವುದು, ಯಾರಿಂದ ಉಳಿಯಿತು ಎಂಬುದೇ ಈ ವಿಮರ್ಶೆಯ ಕೇಂದ್ರ. 1904ರಲ್ಲಿ ಡೆವನ್ ಮತ್ತು ಕಾರ್ನ್‌ವಾಲ್ ಸೀಮೆಗಳ ದಾಖಲೆಗಳನ್ನು ಅಚ್ಚುಮಾಡಿಸುವ ಸಂಘವೊಂದು ಹುಟ್ಟಿತ್ತು. ಅದೇ ಕಾಲದಲ್ಲಿ ಇ. ಎ. ಫ್ರೈ ಎಂಬಾತನು ಉಯಿಲುಗಳ ಪಟ್ಟಿಯನ್ನು ಸಂಪಾದಿಸಿದನು. ಅದು 1908ರಲ್ಲಿಯೂ 1914ರಲ್ಲಿಯೂ ಅಚ್ಚಾಯಿತು. ಬರೀ ಹೆಸರು, ಊರು, ವರ್ಷ. ಓದುವುದಕ್ಕೆ ಅದಕ್ಕಿಂತ ಒಣಪುಸ್ತಕವಿರಲಾರದು. ಇಂದು ಅಸಂಖ್ಯ ಜನರ ವಿಷಯದಲ್ಲಿ, ಅವರು ಉಯಿಲು ಮಾಡಿದ್ದರೆಂಬುದಕ್ಕೆ ಅದೇ ಸಾಕ್ಷಿ. ಆಲಿವ್ ಮೋಗರ್ ಎಂಬಾಕೆ ಯುದ್ಧಕ್ಕೆ ಮುಂಚೆ ವರ್ಷಗಟ್ಟಲೆ ಕುಳಿತು ಉಯಿಲುಗಳ ಸಾರವನ್ನು ಬರೆದುಕೊಂಡಿದ್ದಳು. ನೌಕಾಖಾತೆಯ ಹಿರಿಯ ಅಧಿಕಾರಿಯಾಗಿದ್ದ ಸರ್ ಆಸ್ವಿನ್ ಮರೆ ಎಂಬವನೂ ಹಾಗೆಯೇ ಮಾಡಿದ್ದನು. ಇಬ್ಬರ ಸಂಪುಟಗಳೂ ಈಗ ಸಂಶೋಧಕರಿಗೆ ಮೂಲದ ಸ್ಥಾನದಲ್ಲಿವೆ. ವಾರಸಿನ ತೆರಿಗೆಗಾಗಿ ಸರ್ಕಾರದವರು ತೆಗೆಸಿಟ್ಟಿದ್ದ, 1812ರ ಸುಮಾರಿನಿಂದ 1857ರವರೆಗಿನ ಉಯಿಲುಗಳ ನಕಲುಗಳು ಲಂಡನ್ನಿನಿಂದ ಡೆವನ್ನಿಗೆ ಬಂದವು. ಬೇರೆ ಬೇರೆ ಕಡೆಗಳಲ್ಲಿ ಚದರಿ ಉಳಿದಿದ್ದ ಸೊತ್ತಿನ ಯಾದಿಗಳನ್ನು ಮಾರ್ಗರೆಟ್ ಕ್ಯಾಷ್ ಎಂಬಾಕೆ ಸಂಗ್ರಹಿಸಿ 1966ರಲ್ಲಿ ಪ್ರಕಟಿಸಿದಳು. ಈಚೆಗೆ ಈ ಎಲ್ಲ ಚೂರುಗಳನ್ನೂ ಒಂದೇ ಸೂಚಿಗೆ ತಂದು ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ.

ಇವರಲ್ಲಿ ಯಾರೂ ಬೆಂಕಿಯನ್ನು ತಡೆದವರಲ್ಲ. ಕೆಲವರು ಬೆಂಕಿ ಬೀಳುವ ಮೊದಲು ಪಟ್ಟಿ ಬರೆದರು, ನಕಲು ತೆಗೆದರು. ಕೆಲವರು ಬೆಂಕಿ ಆರಿದ ಮೇಲೆ ಚೂರುಗಳನ್ನು ಆಯ್ದರು. ಈ ಸಂಗತಿಯ ಅರ್ಥ ಹಳೆಯ ಆಡಳಿತಕ್ಕೆ ತಿಳಿದಿತ್ತು. ಗ್ರಾಮದ ರಿಜಿಸ್ಟರಿನ ನಕಲೊಂದನ್ನು ವರ್ಷವರ್ಷವೂ ಬಿಷಪ್ಪನಿಗೆ ಕಳಿಸಬೇಕೆಂದು 1598ರಲ್ಲಿ ಕಟ್ಟಳೆಯಾಯಿತು. ದಶಮಾಂಶದ ನಕ್ಷೆಗೆ ಮೂರು ಪ್ರತಿಗಳು: ಒಂದು ರಾಜಧಾನಿಗೆ, ಒಂದು ಬಿಷಪ್ಪನಿಗೆ, ಒಂದು ಗ್ರಾಮಕ್ಕೆ. ಗ್ರಾಮದ ಪ್ರತಿಯನ್ನು ಇಲಿ ತಿಂದರೆ ಬಿಷಪ್ಪನದು ಇದೆ. ಉಯಿಲುಗಳಿಗೆ ಈ ನಿಯಮವನ್ನು ಪೂರ್ತಿಯಾಗಿ ಅನ್ವಯಿಸಲಿಲ್ಲ. ಎಲ್ಲವನ್ನೂ ಒಂದೇ ಕಟ್ಟಡದಲ್ಲಿ ಕೂಡಿಟ್ಟು ಅದನ್ನೇ ಭದ್ರತೆಯೆಂದು ನಂಬಿದರು.

ಈಗ ಆಕ್ಷೇಪಣೆಗೆ ಬರುತ್ತೇವೆ. 1952ರ ಸಂಸ್ಥೆಗೆ ‘ದಾಖಲೆ ಕಚೇರಿ’ ಎಂದು ಹೆಸರಿತ್ತು. 2012ರ ಹೆಸರಿನಲ್ಲಿ ದಾಖಲೆ ಹೋಗಿ ‘ಹೆರಿಟೇಜ್’, ಅಂದರೆ ಪರಂಪರೆ, ಬಂದು ಕುಳಿತಿದೆ. ಹೆಸರಿನಲ್ಲೇನಿದೆ ಎನ್ನುವವರು ಸಾಹಿತ್ಯವಿಮರ್ಶೆಗೆ ಇಳಿಯಬಾರದು. ದಾಖಲೆಯೆಂದರೆ ನಡೆದದ್ದು ಬರಹದಲ್ಲಿ ದಾಖಲಾದದ್ದು; ಅದಕ್ಕೆ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ. ಪರಂಪರೆಯೆಂದರೆ ಹಿಂದಿನವರು ಬಿಟ್ಟುಹೋದದ್ದರಲ್ಲಿ ನಾವು ನಮ್ಮದೆಂದು ಒಪ್ಪಿಕೊಂಡ ಭಾಗ. ಊರಿನಿಂದ ಅಟ್ಟಿಸಿಕೊಂಡ ಗರ್ಭಿಣಿಯ ಹೇಳಿಕೆ ದಾಖಲೆಯಾಗಿರುವುದರಲ್ಲಿ ಸಂಶಯವಿಲ್ಲ. ಅದನ್ನು ಪರಂಪರೆಯೆಂದು ಕರೆಯಲು ನಾಲಿಗೆ ತಡವರಿಸುತ್ತದೆ. ಹಾಗೆ ತಡವರಿಸುವ ಕಡೆಯೇ ಕಾಗದಗಳು ಕಳೆಯತೊಡಗುತ್ತವೆ.

ಎದುರುಪಕ್ಷದ ಮಾತನ್ನು ಅಲ್ಲಗಳೆಯುವಂತಿಲ್ಲ. ಪುಸ್ತಕವೂ ಕಡತವೂ ಒಂದೇ ಕಡೆ ದೊರೆತರೆ ಓದುಗನಿಗೆ ಉಪಕಾರವೇ. ‘ದಾಖಲೆ ಕಚೇರಿ’ ಎಂಬ ಬಾಗಿಲಿಗೆ ಹೆದರುವ ಸಾಮಾನ್ಯನು ಪರಂಪರೆಯ ಮನೆಗೆ ಸಂಕೋಚವಿಲ್ಲದೆ ಬರಬಹುದು. ಹಣ ಕೊಡುವವರಿಗೂ ಆ ಹೆಸರು ಹಿತವಾಗಿ ಕೇಳಿಸಬಹುದು. ಎಕ್ಸಿಟರಿನ ಮಂದಿರವು ಹೆಸರು ಬದಲಿಸಿದ ಮೇಲೆ ಬಡವರ ಕಾಗದಗಳನ್ನು ಕಡೆಗಣಿಸಿತೆಂದು ನಾವು ಹೇಳುತ್ತಿಲ್ಲ. ಪಟ್ಟಿ ಮಾಡುವ ಕೆಲಸ ಅಲ್ಲಿ ನಡೆದೇ ಇದೆ. ನಮ್ಮ ಆತಂಕ ಮುಂದಿನದು. ಹೆಸರು ಹೊಸಬರಿಗೆ ಕೆಲಸದ ಗುರಿಯನ್ನು ಹೇಳಿಕೊಡುತ್ತದೆ. ಪ್ರದರ್ಶನಕ್ಕೆ ಒಪ್ಪುವ ನೂರು ಕಾಗದಗಳಿಗೂ ಪಟ್ಟಿಯಾಗಬೇಕಾದ ಲಕ್ಷ ಕಾಗದಗಳಿಗೂ ಒಬ್ಬನೇ ಗುಮಾಸ್ತನಿದ್ದಾಗ, ಹೆಸರು ಅವನನ್ನು ಯಾವ ಕಡೆಗೆ ಎಳೆಯುವುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನೊಂದು ದೋಷ ಈ ಒಂದು ಮಂದಿರದ್ದಲ್ಲ, ಅಂಥ ಎಲ್ಲ ಮಂದಿರಗಳದು. ಕಾಗದಗಳು ಕೊಟ್ಟವರ ಹೆಸರಿನಲ್ಲಿ ನಿಲ್ಲುತ್ತವೆ, ಅವುಗಳಲ್ಲಿ ಹೇಳಿರುವ ಜನರ ಹೆಸರಿನಲ್ಲಲ್ಲ. ನಮಗೆ ಸಂಬಂಧಪಟ್ಟ ನಿದರ್ಶನವನ್ನೇ ನೋಡೋಣ. ಜಾನ್ ಕೆನ್ನವೇ 1758ರಲ್ಲಿ ಎಕ್ಸಿಟರಿನ ವರ್ತಕನ ಮನೆಯಲ್ಲಿ ಹುಟ್ಟಿ, ಕಂಪೆನಿಯ ಸೇವೆಗೆ ಸೇರಿ, 1788ರಲ್ಲಿ ಹೈದರಾಬಾದಿನ ರೆಸಿಡೆಂಟನಾದನು. ಮೂರನೆಯ ಮೈಸೂರು ಯುದ್ಧದ ಕೊನೆಯಲ್ಲಿ ಕಾರ್ನ್‌ವಾಲಿಸನ ಪರವಾಗಿ ಗುಲಾಂ ಅಲಿ ಖಾನ್ ಮತ್ತು ಅಲಿ ರಜಾ ಖಾನ್ ಎಂಬ ಸುಲ್ತಾನನ ವಕೀಲರೊಡನೆ ಮಾತುಕತೆ ನಡೆಸಿದವನು ಇವನೇ. 1792ರ ಮಾರ್ಚಿಯಲ್ಲಿ ಆದ ಆ ಒಪ್ಪಂದದಂತೆ ಮೈಸೂರಿನ ಅರ್ಧ ಸೀಮೆ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡವಾಯಿತು. ಸುಲ್ತಾನನ ಇಬ್ಬರು ಮಕ್ಕಳು ಒತ್ತೆಯಾದರು. ಕೊಡಗನ್ನು ಬಿಡಬೇಕೆಂಬ ಮಾತಿಗೆ ಸುಲ್ತಾನನು ಕೆರಳಿದನು. ಯಾವ ಸೀಮೆಯ ಹುಟ್ಟುವಳಿ ಎಷ್ಟೆಂಬ ಲೆಕ್ಕದ ಮೇಲೆಯೇ ಬಿಸಿಬಿಸಿ ವಾದ ನಡೆಯಿತು. ಎರಡು ವರ್ಷದ ಮೇಲೆ ಕೆನ್ನವೇ ಊರಿಗೆ ಹಿಂದಿರುಗಿ ಎಸ್ಕಟ್ ಎಂಬ ಜಹಗೀರನ್ನು ಕೊಂಡು ನೆಲಸಿದನು. ಆ ಮನೆತನದ ಕಾಗದಗಳೊಳಗೆ ಆತನ ಹಿಂದೂಸ್ಥಾನದ ಪತ್ರವ್ಯವಹಾರವೂ ಸೇರಿ ಕೊನೆಗೆ ಡೆವನ್ನಿನ ದಾಖಲೆಮನೆಯನ್ನು ಮುಟ್ಟಿತು.

ಹೀಗಾಗಿ ನಮ್ಮ ನಾಡಿನ ಭಾಗ್ಯವನ್ನು ತಿರುಗಿಸಿದ ಒಂದು ಸಂಧಾನದ ಸಾಕ್ಷ್ಯವು ‘ಎಸ್ಕಟ್ಟಿನ ಕೆನ್ನವೇ ಮನೆತನ’ ಎಂಬ ತಲೆಬರಹದ ಕೆಳಗೆ, ಡೆವನ್ನಿನ ಗೇಣಿಪತ್ರಗಳ ಸಂಗಡ ನಿಂತಿದೆ. ಇದನ್ನು ಕಳವೆಂದು ಕೂಗಬೇಕಾಗಿಲ್ಲ. ಅಧಿಕಾರಿಗಳು ತಮ್ಮ ಪತ್ರಗಳನ್ನು ಮನೆಗೆ ಒಯ್ಯುವುದು ಆ ಕಾಲದ ರೂಢಿ. ಇದನ್ನು ನಾವು ಇಲ್ಲಿಂದಲೇ ತಿಳಿಯುವಂತಾದದ್ದು ಹೇಗೆಂಬುದನ್ನು ಯೋಚಿಸಿದರೆ ಉಪಕಾರವಾದೀತು. ಅಲ್ಲಿಯ ಗುಮಾಸ್ತರು ಪಟ್ಟಿ ಮಾಡಿದರು, ಪಟ್ಟಿಯನ್ನು ಲೋಕಕ್ಕೆ ತೆರೆದರು, ಆದ್ದರಿಂದ ತಿಳಿಯಿತು. ಅದೇ ಒಪ್ಪಂದದಿಂದ ಕೈಬದಲಾದ ನಮ್ಮ ಒಂದೊಂದು ಗ್ರಾಮದಲ್ಲಿ ಶಾನುಭೋಗರ ಮನೆಗಳ ಅಟ್ಟದ ಮೇಲೆ ಏನಿದೆಯೆಂಬುದಕ್ಕೆ ಅಂಥ ಪಟ್ಟಿಯನ್ನು ತೋರಿಸಬಲ್ಲವರು ಯಾರು? ಎಕ್ಸಿಟರಿನಲ್ಲಿರುವುದು ನಮಗೆ ಗೊತ್ತು, ಪಕ್ಕದ ಬೀದಿಯಲ್ಲಿರುವುದು ಗೊತ್ತಿಲ್ಲ.

ನಮ್ಮಲ್ಲಿ ಈ ಕೆಲಸದ ದೃಷ್ಟಾಂತವೇ ಇಲ್ಲವೆಂದು ಹೇಳಲಾಗದು. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದಿಂದ ಮೊದಲುಮಾಡಿ ಜಿಲ್ಲೆಜಿಲ್ಲೆಯ ಶಾಸನಗಳನ್ನು ಪಾಠಸಹಿತ ಅಚ್ಚುಮಾಡಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ಅದರಲ್ಲಿ ಹೇಳಿದ ಎಷ್ಟೋ ಕಲ್ಲುಗಳು ಊರು ಬೆಳೆದಂತೆ ಕಾಣೆಯಾಗಿವೆ. ಪಾಠ ಮಾತ್ರ ಪುಸ್ತಕದಲ್ಲಿದೆ. ಫ್ರೈ ಮಾಡಿದ ಪಟ್ಟಿಯ ಫಲವೂ ಇದರ ಫಲವೂ ಒಂದೇ ಜಾತಿಯವು. ಕಲ್ಲಿಗೇ ಹೀಗಾದಮೇಲೆ ಕಾಗದಕ್ಕೆ ಎಷ್ಟು ಆಯುಸ್ಸು?

ಜಿಲ್ಲೆಗೊಂದು ದಾಖಲೆಮನೆ ಬೇಕೆಂದು ಸರ್ಕಾರವನ್ನು ಬೇಡುವುದು ಯೋಗ್ಯವೇ. ಆದರೆ ಕಟ್ಟಡ ಬರುವವರೆಗೂ ಕೈಕಟ್ಟಿ ಕೂರುವುದು ಯೋಗ್ಯವಲ್ಲ. ಆಲಿವ್ ಮೋಗರಳಿಗೆ ಬೇಕಾಗಿದ್ದುದು ಕಾಗದ, ಲೇಖನಿ, ಕುಳಿತುಕೊಳ್ಳಲು ಅನುಮತಿ, ಮತ್ತು ಬೇಸರಪಡದ ಮನಸ್ಸು. ನಮ್ಮ ಸಂಘದ ಸದಸ್ಯರಲ್ಲಿ ಒಬ್ಬೊಬ್ಬರು ತಮಗೆ ಪರಿಚಯವಿರುವ ಒಂದೊಂದು ಮನೆಯ, ಮಠದ, ದೇವಸ್ಥಾನದ ಕಡತಗಳಿಗೆ ಹೆಸರು, ಊರು, ವರ್ಷ ಎಂಬಿಷ್ಟನ್ನು ಬರೆದು, ಒಂದು ಪ್ರತಿಯನ್ನು ಅಲ್ಲಿಯೇ ಬಿಟ್ಟು ಇನ್ನೊಂದನ್ನು ಸಂಘಕ್ಕೆ ಕಳಿಸಿದರೆ, ಐದು ವರ್ಷಗಳಲ್ಲಿ ಜಿಲ್ಲೆಗೆ ಒಂದು ಪಟ್ಟಿಯಾಗುತ್ತದೆ. ಮೂಲವನ್ನು ಯಾರಿಂದಲೂ ಕಸಿದುಕೊಳ್ಳಬೇಕಾಗಿಲ್ಲ. ಒಪ್ಪುವುದನ್ನು ಮಾತ್ರ ಆರಿಸಬೇಕಾಗಿಯೂ ಇಲ್ಲ. ಸಾಲದ ಚೀಟಿಯನ್ನೂ ಜಗಳದ ಮುಚ್ಚಳಿಕೆಯನ್ನೂ ಬಿಡದೆ ಬರೆದುಕೊಳ್ಳಬೇಕು. ಅಂಥ ಪಟ್ಟಿ ಬಂದರೆ ಪ್ರತಿ ಸಂಚಿಕೆಯಲ್ಲಿಯೂ ಅದಕ್ಕೆ ಎರಡು ಪುಟಗಳನ್ನು ಮೀಸಲಿಡಬೇಕೆಂದು ಸಂಪಾದಕರನ್ನು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.